ಹನ್ನೊಂದು ಎಳೆ

ಬನಹಟ್ಟಿಯಲ್ಲಿ ಕರೆಂಟು ಹೋದರೆ
ಮೊದಲು ಕಿವಿಗೆ ಗೊತ್ತಾಗುತ್ತದೆ.
ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿ
ನನ್ನ ಚಶ್ಮಾದಂಗಡಿಯ ಗೋಡೆಗಡಿಯಾರ
ಇಷ್ಟು ಜೋರಾಗಿ ನಡೆಯುತ್ತದೆಂದು ಆಗಲೇ ತಿಳಿಯುವುದು.

ಸುಗಲಾ ಕಂಪ್ಯೂಟರಿನ ಕರೀ ಮುಖ ನೋಡಿ
‘ಹೋಗ್ಲಿ ಬಿಡ್ರಿ ಕಾಕಾ, ಹಾಳ್ಯಾಗ ಮಾಡೂಣು’ ಅಂದಳು.
ಬೆಳಕಿನ ದಾರಿ ಲೆಕ್ಕ ಹಾಕುವ ಪ್ರೋಗ್ರಾಮು,
ಕಾಲೇಜಿನವರು ಕೊಟ್ಟದ್ದು. ಗಾಜು ಬೇಕಿತ್ತು.
ಗಾಜು ನನ್ನ ಹತ್ತಿರ ಇತ್ತು:
ತಂಗೆವ್ವನ ಪ್ಲಸ್ ಎರಡು, ಇನ್ನೂ ಫ್ರೇಮಿಗೆ ಕೂರದ್ದು.

ಒಂದು ಕಿರಣಕ್ಕೆ ಎರಡೇ ಸಂಗತಿ ಸಾಕಂತೆ:
ಎಲ್ಲಿ ನಿಂತಿದೆ, ಯಾವ ಕಡೆ ಮುಖ.
(ಎಷ್ಟು ಮಂದಿಗೆ ಎರಡೂ ಗೊತ್ತು, ನಾನು ಕೇಳಲಿಲ್ಲ.)
ಗಾಜಿಗೆ ಅದು ಎಲ್ಲಿ ತಾಗುತ್ತದೋ ಹುಡುಕು,
ತಾಗಿದಲ್ಲಿ ಲಂಬ ನಿಲ್ಲಿಸು,
ಲಂಬದ ಕಡೆಗೆ ಬಾಗಬೇಕಾದಷ್ಟೇ ಬಾಗಿಸು,
ಹೊರಬೀಳುವಾಗ ಮತ್ತೆ ಹುಡುಕು, ಮತ್ತೆ ನಿಲ್ಲಿಸು,
ಈ ಸಲ ಲಂಬದಿಂದ ದೂರ.
ಒಂದೇ ಕಿರಣ ಎಳೆಯಲು
ಇಪ್ಪತ್ತು ನಿಮಿಷ, ಎರಡು ಪೆನ್ಸಿಲ್ ಮೊನೆ.

ಕರೆಂಟು ಬಂತು. ಓಣಿ ಮತ್ತೆ ಖಟಖಟ.
ಗಾಜಿನ ಅಂಕ ಒಂದೂವರೆ, ಬರೆದಳು;
ಮುಂದಿನ ಉಬ್ಬಿಗೆ ತ್ರಿಜ್ಯ ಐವತ್ತು ಸೆಂಟಿಮೀಟರು, ಹಿಂದಿನದಕ್ಕೂ ಐವತ್ತು;
ಹಾಸಿನ ಎಳೆಗಳ ಹಾಗೆ ಹನ್ನೊಂದು ಕಿರಣ ಸಾಲಾಗಿ ಬಿಟ್ಟಳು.
ಹೋದವು. ಹೋಗುತ್ತಲೇ ಇದ್ದವು.
ಕಿಟಕಿಯ ಗಾಜು ದಾಟಿದ ಬಿಸಿಲಿನ ಹಾಗೆ,
ಏನೂ ಆಗದವರ ಹಾಗೆ.
ಸೂತ್ರವನ್ನು ಮೂರು ಸಲ ತಿದ್ದಿದಳು, ಮೂರು ಸಲ ಕೆಡಿಸಿದಳು.

ನನಗೆ ಸೂತ್ರ ಬರುವುದಿಲ್ಲ.
ಮೂವತ್ತು ವರ್ಷ ಗಾಜು ಉಜ್ಜಿದ ಹೆಬ್ಬೆರಳಿದೆ.
ಮಸೂರ ಹಿಡಿದು ಹೇಳಿದೆ:
‘ಇದಕ್ಕ ಎರಡೂ ಕಡೆ ಹೊಟ್ಟಿ ಐತಿ ನೋಡು.
ನಿಂದು ಮುಂದ ಹೊಟ್ಟಿ, ಹಿಂದ ತೆಗ್ಗು.’
ಅವಳು ಎರಡನೆಯ ಐವತ್ತರ ಹಿಂದೆ
ಒಂದು ಗಿಡ್ಡ ಗೆರೆ ಇಟ್ಟಳು. ಮೈನಸ್.
ಹನ್ನೊಂದೂ ಎಳೆ ಬಾಗಿ, ಅರ್ಧ ಮೀಟರು ನಡೆದು
ಗಂಟಿಗೆ ಬಂದವು.

ಗಂಟು ಅನ್ನಬಾರದು, ನಿಜ ಹೇಳಬೇಕೆಂದರೆ.
ದೊಡ್ಡದು ಮಾಡಿ ನೋಡಿದರೆ
ಅಂಚಿನವು ತುಸು ಮೊದಲೇ ಕೂಡಿ ದಾಟಿಹೋಗಿದ್ದವು,
ನಡುವಿನವು ಸಾವಕಾಶ.
‘ಇನ್ನೂ ತಪ್ಪೈತಿ ಕಾಕಾ.’
ನಿಂದಲ್ಲ, ಗಾಜಿಂದು, ಅಂದೆ.
ದುಂಡಗೆ ಉಜ್ಜಿದ್ದೆಲ್ಲ ಹಿಂಗ. ನೀ ಸರಿ ಮಾಡಿದ್ದಕ್ಕ ಕಂಡಿತು.

ಬಾಗಿಲಲ್ಲಿ ತಂಗೆವ್ವ. ‘ಆತೇನೋ ನನ್ನ ಚಾಳೀಸು?’
ದೂರದ್ದು ಅವಳಿಗೆ ಚಲೋ ಕಾಣುತ್ತದೆ.
ಪರದೆಯತ್ತ ಗದ್ದ ಎತ್ತಿ,
‘ಹನ್ನೊಂದs ಎಳಿಗೆ ಯಾರು ಹಾಸು ಹೂಡ್ಯಾರ?’ ಎಂದು ನಕ್ಕು
ಎಣಿಸಲು ಹತ್ತಿರ ಬಂದಳು,
ಹುಬ್ಬು ಗಂಟಿಕ್ಕಿದಳು,
ಎರಡು ಹೆಜ್ಜೆ ಹಿಂದೆ ಸರಿದು
ಅಲ್ಲಿಂದಲೇ ಎಣಿಸತೊಡಗಿದಳು.