ಒಂಬತ್ತನೆಯದನ್ನು ಬಿಟ್ಟು

ಹೊಸ ವಿಲ್ಲಾ ಆದರೆ ಒಂದು ಮೆಟ್ಟಿಲು ಅಳೆದರೆ ಸಾಕು.
ಕಾಲಿಡುವ ಅಗಲ, ಎದುರಿನ ಎತ್ತರ, ಮೂತಿಗೆ ಮೂರು ಸೆಂಟಿಮೀಟರು,
ಕೂಡಿಸು, ಗುಣಿಸು,
ಅವರು ಕೊಟ್ಟ ಚಹಾ ಆರುವ ಮೊದಲೇ ಲೆಕ್ಕ ಮುಗಿಯಿತು.

ಮುಹರ್ರಕ್‌ನ ಈ ಗಲ್ಲಿಯ ಮನೆ ಹಾಗಲ್ಲ.
ಹವಳದ ಕಲ್ಲು, ಸುಣ್ಣದ ಗಾರೆ.
ಕಟ್ಟಿದವನು ಅಳತೆಕೋಲು ಮರೆತು ಬಂದಿದ್ದನೋ,
ಅವನ ಮೊಣಕಾಲಿನ ನೋವು ದಿನಕ್ಕೊಂದು ಥರ ಇತ್ತೋ,
ಮೊದಲನೆಯದರ ಎತ್ತರ ಇಪ್ಪತ್ತಮೂರು,
ಮೂರನೆಯದು ಹದಿನೇಳು.
ತಿರುವಿನಲ್ಲಿ ಮೂರು ಮೆಟ್ಟಿಲು ಕಲ್ಲಂಗಡಿ ಹೋಳಿನ ಹಾಗೆ
ಒಂದು ಕಡೆ ಚೂಪು, ಒಂದು ಕಡೆ ಅಗಲ.
ಅಂಥಲ್ಲಿ ಅಗಲವನ್ನೇ ಅಳೆಯಬೇಕು.
ಚೂಪನ್ನು ನಂಬಿ ಕತ್ತರಿಸಿದವರು
ಸಂಬಳದಿಂದ ಕಟ್ಟಿಕೊಟ್ಟಿದ್ದಾರೆ. ನಾನೂ, ಒಮ್ಮೆ.

ಕಾರ್ಕಳದ ಪೇಟೆಯಲ್ಲಿ ಅಪ್ಪ ರವಿಕೆ ಹೊಲಿಯುತ್ತಿದ್ದ.
ಒಳಮಡಿಕೆಗೆ ಬಟ್ಟೆ ಬಿಡು ಮಾರಾಯ, ಎನ್ನುತ್ತಿದ್ದ,
ಮೈ ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ.
ಮೆಟ್ಟಿಲು ಯಾವತ್ತೂ ಬೆಳೆದದ್ದಿಲ್ಲ,
ಆದರೂ ನೂರಕ್ಕೆ ಹತ್ತು ಬಿಡುತ್ತೇನೆ.

ಟೇಪಿನ ತುದಿ ಹಿಡಿದವಳು ಅಡುಗೆಯ ಅಲ್ಮಾಜ್, ಕೈತುಂಬ ಹಿಟ್ಟು.
ಸಿಗರೇಟು ಪ್ಯಾಕಿನ ಬೆನ್ನಿಗೆ ಬರೆದುಕೊಂಡೆ:
ಹದಿನಾರು ಮೆಟ್ಟಿಲು. ಎಂಟು ಮೀಟರು ಮೂವತ್ತನಾಲ್ಕು.
ಜುಂಗು ಕೆಳಮುಖ.

ಕೆಳಗೆ ಬೆಂಚಿನ ಮೇಲೆ ಉಮ್ಮ್ ಇಸ್ಹಾಖ್,
ಎರಡೂ ಕಣ್ಣಿಗೆ ಹಾಲು ಚೆಲ್ಲಿದ ಹಾಗೆ ಪೊರೆ.
ಜಯಕರ ಎಂದು ಮೂರು ಸಲ ಹೇಳಿದೆ, ಆಕೆಗೆ ನಾನು ಜಕರಿಯಾ.
ಆಗಲಿ. ಪರವೂರಿಗೆ ಬರುವವನು
ಹೆಸರಿಗೂ ಒಂದಿಷ್ಟು ಒಳಮಡಿಕೆ ಬಿಟ್ಟುಕೊಂಡು ಬರಬೇಕು.

"ಕಾರ್ಪೆಟ್ ಯಾರಿಗೆ?"
"ನಿಮಗೇ. ಜಾರಬಾರದೆಂದು ನಿಮ್ಮ ಮಗ ಹೇಳಿದ್ದು."
"ನಾನು ಮೇಲೆ ಹತ್ತಿ ಆರು ವರ್ಷವಾಯಿತು."
ಬೆಂಚನ್ನು ಬೆರಳಿನಿಂದ ತಟ್ಟಿದಳು.
"ಇಲ್ಲಿ ಕೂತೇ ನೋಡುತ್ತೇನೆ. ಅಲ್ಮಾಜ್‌ಳದು ಒದ್ದೆ ಕಾಲು.
ಇಸ್ಹಾಖ್ ಸಾಲ ಮಾಡಿದ ದಿನ ಮೆಲ್ಲಗೆ ಹತ್ತುತ್ತಾನೆ.
ಸೊಸೆ ಅತ್ತು ಬಂದರೆ ತಿರುವಿನಲ್ಲಿ ನಿಲ್ಲುತ್ತಾಳೆ,
ಮೂಗು ಒರೆಸಿಕೊಳ್ಳುವಷ್ಟು ಹೊತ್ತು.
ನೀನು ಇದರ ಮೇಲೆಲ್ಲ ಕಂಬಳಿ ಹೊದಿಸುತ್ತೀ."

ನಾನು ಟೇಪು ಸುತ್ತುತ್ತಿದ್ದೆ. ಏನು ಹೇಳಲಿ?

"ಒಂಬತ್ತನೆಯದನ್ನು ಬಿಡು," ಎಂದಳು.
ಹೋಗಿ ತುಳಿದು ನೋಡಿದೆ. ಕಲ್ಲು ಸಡಿಲ.
ಟೊಕ್, ಎಂದಿತು, ಬಾಗಿಲು ಬಡಿದ ಹಾಗೆ.
"ಯಾರಾದರೂ ಅಂಚಿಗೆ ಮುಗ್ಗರಿಸಿದರೆ?"
"ಮುಗ್ಗರಿಸಿದ್ದು ಯಾರೆಂದು ನನಗೆ ಗೊತ್ತಾಗುತ್ತದಲ್ಲ."

ಪ್ಯಾಕಿನ ಬೆನ್ನಲ್ಲಿ ಜಾಗ ಸಾಲದೆ ಅಂಗೈ ಮೇಲೆ ಬರೆದೆ:
ಐವತ್ತೊಂದು ಕಳೆ, ಏಳು ಎಂಬತ್ತಮೂರು.
ಬಿಟ್ಟ ಮೆಟ್ಟಿಲಿನ ಮೇಲೂ ಕೆಳಗೂ ಅಂಚು ಮಡಚಲು ಐದೈದು,
ಏಳು ತೊಂಬತ್ತಮೂರು. ಅದಕ್ಕೆ ಅಪ್ಪನ ನೂರಕ್ಕೆ ಹತ್ತು.
ಎಂಟು ಎಪ್ಪತ್ತೆರಡು. ಒಂಬತ್ತು ಅನ್ನಿ.

ಅಂಗಡಿಯಲ್ಲಿ ಸುಕುಮಾರನ್ ಕನ್ನಡಕದ ಮೇಲಿನಿಂದ ನೋಡಿದ.
"ಹದಿನಾರು ಮೆಟ್ಟಿಲಿಗೆ ಒಂಬತ್ತೂವರೆ ಬೇಕಲ್ಲವಾ?"
"ಒಂದನ್ನು ಬಿಟ್ಟಿದ್ದೇನೆ."
"ಯಾಕೆ?"
"ಅದು ಮಾತಾಡುತ್ತದೆ."
ಆಗಸ್ಟ್ ತಿಂಗಳು.
"ಏಸಿಯ ಕೆಳಗೆ ಕೂರು," ಎಂದ, "ನೀರು ಕುಡಿ."

ಗುರುವಾರ ಹಾಸಿದೆವು. ದಾಳಿಂಬೆ ಬಣ್ಣ.
ಮೊಳೆಪಟ್ಟಿ ಬಡಿದು, ಮೊಣಕಾಲಿನಿಂದ ಒದ್ದು ಒದ್ದು ಎಳೆದು ಕೂರಿಸಿ,
ಸಂಜೆಯ ಬಾಂಗಿನ ಹೊತ್ತಿಗೆ
ಗೋಂದಿನ ಡಬ್ಬಿ, ಸುತ್ತಿಗೆ ಹಿಡಿದು ಬರಿಗಾಲಲ್ಲಿ ಇಳಿದೆ.
ಹದಿನಾರು, ಹದಿನೈದು, ನನ್ನ ಹೆಜ್ಜೆ ನನಗೇ ಕೇಳಲಿಲ್ಲ,
ಯಾರೋ ನನ್ನನ್ನು ಅಳಿಸುತ್ತ ಬಂದ ಹಾಗೆ.
ಒಂಬತ್ತರಲ್ಲಿ, ಟೊಕ್.

"ಜಕರಿಯಾ," ಕೆಳಗಿನಿಂದ ದನಿ,
"ಎಡ ಮೊಣಕಾಲು ಎಷ್ಟು ದಿನದಿಂದ?"

"ಏನೂ ಇಲ್ಲ ಉಮ್ಮಾ."

"ಅಲ್ಮಾಜ್, ಎಳ್ಳೆಣ್ಣೆ ಬಿಸಿ ಮಾಡು.
ನೀನು ಇನ್ನೊಂದು ಸಲ ಹತ್ತಿ ಇಳಿ, ನೋಡೋಣ."