ಕರಿಹಲಗೆ

ಸೋಮವಾರ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು
ಕಳೆದ ವಾರವನ್ನು ಒರೆಸುತ್ತೇನೆ.
ಪೂರ್ತಿ ಹೋಗುವುದಿಲ್ಲ.
ವೀಣಾವಾದನದ ದೀರ್ಘ, ರಕ್ತದಾನದ ರ
ಮಸುಕಾಗಿ ಉಳಿದೇ ಉಳಿಯುತ್ತವೆ.

ಅದರ ಮೇಲೇ ಬರೆಯುತ್ತೇನೆ:
ಬುಧವಾರ ಸಂಜೆ ಐದಕ್ಕೆ, ಕಪ್ಪೆಗಳ ಕುರಿತು ಉಪನ್ಯಾಸ.
ಗುರುವಾರ ಕೊಳಲು.
ಶುಕ್ರವಾರದ ನಾಟಕ ಮುಂದಕ್ಕೆ ಹೋಗಿದೆ,
ಎಲ್ಲಿಗೋ ಗೊತ್ತಿಲ್ಲ.
‘ಸರ್ವರಿಗೂ ಸ್ವಾಗತ’ ದಪ್ಪಗಿರಲಿ ಅಂದರು ಪ್ರಿನ್ಸಿಪಾಲರು.
ಜಾಗ ಸಾಲದೆ ಕೊನೆಯ ತ
ಚೌಕಟ್ಟಿನ ಮರದ ಮೇಲೆ ಕೂತಿತು.

ಬುಧವಾರ ಬಂದವರು ಒಂಬತ್ತು ಜನ,
ಅದರಲ್ಲಿ ನಾನೊಬ್ಬ, ಮೈಕಿನ ಮಾಯಿಗ ಒಬ್ಬ.
ಕರೆಂಟು ಹೋಯಿತು. ಮಂಡ್ಯಕ್ಕೆ ಅದೇನು ಹೊಸದೇ?
ಮೇಡಂ ಮಾತು ನಿಲ್ಲಿಸಿ ಕಿಟಕಿ ತೆಗೆಸಿದರು.
ಹಿಂದಿನ ಗದ್ದೆಗೆ ಆಗಷ್ಟೇ ನಾಲೆ ನೀರು ಬಿಟ್ಟಿದ್ದರು.
ವಟರ್, ವಟರ್.
“ಇದು ಗಂಡು,” ಅಂದರು. “ಕರೀತಿದೆ.”

ಇಪ್ಪತ್ತೆರಡು ವರ್ಷದಿಂದ ಕರೆಯುತ್ತಲೇ ಇದ್ದೀನಲ್ಲ ನಾನೂ,
ಸೀಮೆಸುಣ್ಣದಲ್ಲಿ, ಬನ್ನಿ ಬನ್ನಿ ಅಂತ.

ಕೊಳಲಿನವರು ಬರಲಿಲ್ಲ. ಜ್ವರವಂತೆ.

ಮತ್ತೆ ಸೋಮವಾರ. ಎಲ್ಲ ಒರೆಸಿದೆ.
ಕಪ್ಪೆಯ ಕೆಳಗಿನ ಒತ್ತೊಂದನ್ನು ಮಾತ್ರ
ಹಾಗೇ ಬಿಟ್ಟೆ,
ನೆಗೆಯೋದಕ್ಕೆ ಕೂತ ಹಾಗಿತ್ತು.