ಕರಳ್

ಹನ್ನೆರಡು ವರ್ಷ ದೂಮಣ್ಣನ ತೋಳಿಗೆ
ಪಟ್ಟಿ ಸುತ್ತಿ ಗಾಳಿ ಒತ್ತಿದವಳು ನಾನು.
ನೂರ ಎಪ್ಪತ್ತು, ನೂರ ಅರುವತ್ತೆಂಟು...
ಮೀಂಜದ ಆಸ್ಪತ್ರೆಯ ನೀಲಿ ಪುಸ್ತಕ
ನನ್ನ ಅಕ್ಷರದಿಂದಲೇ ತುಂಬಿತು.
ಗಂಜಿಗೆ ಉಪ್ಪಿಲ್ಲ, ಒಣಮೀನಿಲ್ಲ;
"ನಿನ್ನ ಕಾಟಕ್ಕೆ ನಾಲಗೆ ಸತ್ತಿತು ಮಾರಾಯ್ತಿ" ಎನ್ನುತ್ತಿದ್ದರು.

ಈ ಆಟಿಯಲ್ಲಿ ಅಂಕಿ ತಾನಾಗಿ ಇಳಿಯಿತು.
ನೂರ ಮೂವತ್ತು. ನೂರ ಹದಿನೈದು.
ಮಾತ್ರೆ ಮರೆತ ದಿನವೂ ಏರಲಿಲ್ಲ.
ಜಲಜಾಕ್ಷಿಯಕ್ಕ ಉಪ್ಪಳದಿಂದ ಒಣ ನಂಗು ತಂದು
ಕೆಂಡದಲ್ಲಿ ಸುಟ್ಟು ನನಗೂ ಒಂದು ತುಂಡು ಕೊಟ್ಟರು.
ತಿಂದೆ.
ಚಪ್ಪಲಿಯ ಪಟ್ಟಿ ಅವರ ಕಾಲಿಗೆ ಸಾಲದೆ ಹೋದದ್ದು,
ಮುಂಡಿನ ಗಂಟು ಹೊಟ್ಟೆಯ ಮೇಲೆ ನಿಲ್ಲದ್ದು
ಕಂಡೂ ಕಾಣಲಿಲ್ಲ.

ಕಾಸರಗೋಡಿನ ಹುಡುಗ ಡಾಕ್ಟರ್ ಹೇಳಿದ್ದು: ಕರಳ್.
ಜಲಜಾಕ್ಷಿಯಕ್ಕ ಕೇಳಿಸಿಕೊಂಡದ್ದು: ಕರುಳು.
"ಕರುಳಾದರೆ ಕತ್ತರಿಸಿ ಹೊಲಿಯುತ್ತಾರಲ್ಲ?"
ನನ್ನ ಮುಖ ನೋಡಿದರು.
ಎರಡು ಕೊಂಬಿನಷ್ಟೇ ದೂರ, ಈ ಭಾಷೆಗೂ ಆ ಭಾಷೆಗೂ.
ಪಿತ್ತಜನಕಾಂಗ ಎಂದರೆ
ಶಾಲೆಯ ಗೋಡೆಯ ಚಿತ್ರದವನ ಹೊಟ್ಟೆಯದು,
ನಮ್ಮ ಹೊಟ್ಟೆಯದಲ್ಲ.
ಅವರಲ್ಲಾದರೋ, ಮಗುವನ್ನು ಮುದ್ದಿಗೆ ಕರೆಯುವುದೂ
ಕರಳೇ ಎಂದು.

ಕೊನೆಗೆ ದೂಮಣ್ಣನಿಗೇ ಹೇಳಿದೆ,
ತಲಪಾಡಿಯಲ್ಲಿ ಇಪ್ಪತ್ತು ವರ್ಷ
ಗೇಟಿನ ಕಂಬ ಎತ್ತಿ ಇಳಿಸಿದವರಿಗೆ:
"ಆ ಹರತಾಳದ ರಾತ್ರಿ ನೆನಪುಂಟಾ?
ಗೇಟಿನಿಂದಾಚೆ ರಸ್ತೆ ಬಿಕೋ. ನಾಯಿ ಮಲಗಿತ್ತು.
ಈಚೆ ಲಾರಿಯ ಮೂತಿಗೆ ಲಾರಿ.
ನಾನು ಇಷ್ಟು ದಿನ ಅಳೆದದ್ದು
ನಾಯಿ ಮಲಗಿದ ರಸ್ತೆಯನ್ನು.
ಒತ್ತಡ ಈಚೆಗುಂಟು, ಕರಳಿನ ಬಾಗಿಲಲ್ಲಿ.
ಅಲ್ಲಿಗೆ ನನ್ನ ಪಟ್ಟಿ ಮುಟ್ಟುವುದಿಲ್ಲ."

ಅವರು ಕಿಟಕಿಯತ್ತ ತಿರುಗಿದರು.
"ಹಾಗಾದರೆ ಒಳದಾರಿ ಹಿಡಿಯುತ್ತವೆ," ಎಂದರು,
"ತೋಟದ ನಡುವೆ, ಸೈಕಲ್ಲು ಹೋಗುವ ದಾರಿಯಲ್ಲೆಲ್ಲ ಲಾರಿ.
ಭಾರ ತಾಳದ ಮೋರಿ
ಒಂದು ರಾತ್ರಿ ಒಡೆಯುತ್ತದೆ. ಅಲ್ಲವಾ?"

ಡಾಕ್ಟರ್ ಹೇಳಿದ್ದರಲ್ಲಿ
ನಾನು ಕನ್ನಡಕ್ಕೆ ತಾರದೆ ಉಳಿಸಿಕೊಂಡದ್ದು
ಅದೊಂದೇ ಮಾತು,
ರಕ್ತ ಕಾರಬಹುದು ಎಂಬುದು.

ನಿನ್ನೆ ಮತ್ತೆ ಹೋಗಿದ್ದೆ.
ರೂಢಿ; ಪಟ್ಟಿ ಸುತ್ತಿದೆ, ಗಾಳಿ ಬಿಟ್ಟೆ.
ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು.
"ಎಷ್ಟುಂಟು?"
"ನೂರ ಎರಡು."
ಜಲಜಾಕ್ಷಿಯಕ್ಕ, ಹನ್ನೆರಡು ವರ್ಷದ ಅಭ್ಯಾಸಕ್ಕೆ,
"ಒಳ್ಳೆದಾಯಿತು" ಎಂದುಬಿಟ್ಟರು.
ಆಮೇಲೆ ಬಹಳ ಹೊತ್ತು
ಪಾತ್ರೆಯ ಸದ್ದು ಬರಲಿಲ್ಲ.